ತೆರೆಯಬಾರದಿದ್ದ ಎಂಜಿನ್

ಗಾಡಿ ಬಾಗಿಲಿಗೆ ಬಂದು ನಿಂತರೆ ಮಾಲೀಕನಿಗೆ ನಮಸ್ಕಾರ ಹೇಳುವ ಮೊದಲೇ ನಾನು ಬಾನೆಟ್ಟಿನ ಮೇಲೆ ಅಂಗೈ ಇಡುತ್ತಿದ್ದೆ. ಬಿಸಿ ಇದ್ದರೆ ಆ ದಿನ ಪರೀಕ್ಷೆ ಇಲ್ಲ. ಗಾಡಿ ಇಲ್ಲೇ ಬಿಟ್ಟು ಹೋಗಿ, ನಾಳೆ ಮುಂಜಾನೆ ನಾನೇ ಚಾಲೂ ಮಾಡಿ ನೋಡುತ್ತೇನೆ ಎನ್ನುತ್ತಿದ್ದೆ. ಬಿಸಿಯಾದ ಎಂಜಿನ್ ತನ್ನ ರೋಗವನ್ನು ಮುಚ್ಚಿಕೊಳ್ಳುತ್ತದೆ. ಸವೆದ ಪಿಸ್ಟನ್ ಕಾದು ಹಿಗ್ಗಿದರೆ ಬಡಿತ ಅಡಗುತ್ತದೆ, ರಾತ್ರಿಯೆಲ್ಲ ಒಳಗೆ ಇಳಿದು ಕೂತ ಎಣ್ಣೆ ಮೊದಲ ಹೊಗೆಯಲ್ಲೇ ಸುಟ್ಟು ಹೋಗಿರುತ್ತದೆ. ತಣ್ಣಗಿನ ಎಂಜಿನ್ ಬಿಡುವ ಆ ಮೊದಲ ಹೊಗೆಯನ್ನು ಗಾಡಿಯ ಹಿಂದೆ ನಿಂತು ಕಣ್ಣಾರೆ ನೋಡದೆ ಯಾರೂ ಒಂದು ಮಾತನ್ನೂ ಹೇಳಬಾರದು.

ನಾನು ಸೋಲಾಪುರದ ಒಂದು ಎಂಜಿನ್ ರಿಪೇರಿ ವರ್ಕ್‌ಶಾಪಿನಲ್ಲಿ ದುಡಿದು ನಿವೃತ್ತನಾದವನು. ಮೆಕ್ಯಾನಿಕಲ್ ಎಂಜಿನಿಯರಿಂಗ್ ಪದವಿ ಇತ್ತು. ಎಂಜಿನ್ ಬಿಚ್ಚಿ ಕಟ್ಟುವವರು ಬೇರೆ ಇದ್ದರು. ಬಿಚ್ಚುವ ಮೊದಲು ಅದು ಮತ್ತೆ ಕಟ್ಟಲು ಯೋಗ್ಯವೇ ಎಂದು ಹೇಳುವುದು ನನ್ನ ಪಾಲಿನ ಕೆಲಸ. ಈಗ ಈ ಕೆಲಸಕ್ಕೆ ಬರುತ್ತಿರುವವರಿಗಾಗಿ ಏನಾದರೂ ಬರೆಯಿರಿ ಎಂದು ಕೆಲವರು ಕೇಳಿದರು. ಬರುತ್ತಿರುವವರು ಕನ್ನಡ ಮಾತಾಡುತ್ತಾರೆ, ಓದಿದ್ದು ಮಾತ್ರ ಮರಾಠಿ ಶಾಲೆಯಲ್ಲಿ. ಮನೆಯಲ್ಲಿ ಯಾರಾದರೂ ಓದಿ ಹೇಳಿದರೆ ಸಾಕು. ಇನ್ನೊಂದು ವಿಷಯ: ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ. ಎಂಜಿನ್ನಿನ ಅಳತೆಯನ್ನು ಎರಡನೇ ಸಲ ತೆಗೆದು ತಾಳೆ ನೋಡಬಹುದು. ನೆನಪನ್ನು ಎರಡನೇ ಸಲ ತೆಗೆದರೆ ಅದು ಮೊದಲಿಗಿಂತ ಚೆಂದವಾಗಿ ಬರುತ್ತದೆ. ಇಲ್ಲಿ ಚೆಂದವಾಗಿ ಕಂಡದ್ದನ್ನೆಲ್ಲ ಸ್ವಲ್ಪ ಅನುಮಾನದಿಂದಲೇ ನೋಡಿ.

ನಮ್ಮ ಮಾಲೀಕರು ಊರಿನ ಹಳೆಯ ವ್ಯಾಪಾರಿ ಮನೆತನದವರು, ಎಲ್ಲರ ಬಾಯಲ್ಲೂ ಸಾಹುಕಾರ. ಅವರಿಗೆ ನನ್ನಿಂದ ಬೇಕಾಗಿದ್ದವು ಎರಡೇ ಉತ್ತರ, ‘ಆಗ್ತದ’ ಇಲ್ಲವೇ ‘ಆಗಂಗಿಲ್ಲ’. ನಾನು ಮೂರನೆಯದೊಂದನ್ನು ಹೇಳಲು ಬಾಯಿ ತೆರೆದರೆ ಅವರು ಕೈ ಎತ್ತುತ್ತಿದ್ದರು.

“ಸಾಹೇಬ್ರ, ನಿಮ್ಮ ‘ಇರಬಹುದು’ ತಗೊಂಡು ನಾ ಗಿರಾಕಿಗೆ ಏನ್ ಹೇಳ್ಲಿ? ಇರಬಹುದು ಅನ್ನೂ ಗಾಡ್ಯಾಗ ಯಾರು ಕೂಡ್ತಾರ?”

ದಸ್ತಗೀರ್ ನಮ್ಮ ಹಿರಿಯ ಮಿಸ್ತ್ರಿ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿನ ಬ್ಲಾಕಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ, ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದ. “ಮೂರನೇ ಸಿಲಿಂಡರ್ ಮಾತಾಡಾಕತ್ತದ.”

“ಹೆಂಗ ಗೊತ್ತಾತು ದಸ್ತಗೀರ್?”

“ಕಿವಿಗೆ ಕೇಳ್ತದ್ರಿ. ನಿಮಗ ಕಾಲೇಜಿನ್ಯಾಗ ಕಿವಿ ಕೊಟ್ಟಿಲ್ಲೇನು?”

ಅವನ ಮಾತು ಕೆಲವು ಸಲ ನಿಜವಾಗುತ್ತಿತ್ತು, ಕೆಲವು ಸಲ ಸುಳ್ಳಾಗುತ್ತಿತ್ತು. ನಿಜವಾದದ್ದನ್ನು ಎಲ್ಲರೂ ನೆನಪಿಟ್ಟರು, ಸುಳ್ಳಾದದ್ದನ್ನು ನೆನಪಿಡುವ ಕೆಲಸ ಯಾರಿಗೂ ಬೇಕಿರಲಿಲ್ಲ. ನಾನು ಸಿಲಿಂಡರಿನ ಒತ್ತಡ ಅಳೆಯುವ ಗೇಜ್ ತರಿಸಿದೆ. ಸ್ಪಾರ್ಕ್ ಪ್ಲಗ್ ಬಿಚ್ಚಿ ಆ ತೂತಿಗೆ ಹಚ್ಚಿ ಎಂಜಿನ್ ತಿರುಗಿಸಿದರೆ ಒಳಗೆ ಎಷ್ಟು ಬಿಗಿ ಉಳಿದಿದೆ ಎಂದು ಮುಳ್ಳು ತೋರಿಸುತ್ತದೆ. ಮೊದಲ ವಾರವೇ ಒಂದು ಎಂಜಿನ್ನಿನ ಎಲ್ಲ ಸಿಲಿಂಡರುಗಳೂ ಸತ್ತಿವೆ ಎಂದು ಅದು ತೋರಿಸಿತು. ಬಿಚ್ಚಿದರೆ ಎಲ್ಲವೂ ಗಟ್ಟಿ. ಗೇಜಿನ ರಬ್ಬರ್ ತುದಿ ಸೀಳಿ ಗಾಳಿ ಸೋರುತ್ತಿತ್ತು. ಅಂದಿನಿಂದ ದಸ್ತಗೀರನಿಗೆ ಹಬ್ಬ. “ಸಾಹೇಬ್ರ, ಇವತ್ತ ನಿಮ್ಮ ಗಡಿಯಾರ ಏನಂತದ? ಯಾರ ಮಯ್ಯತ್ ಅದ, ಯಾರನ್ನ ಹೂಳೂದು?”

ಕಿವಿಯೂ ಸುಳ್ಳು ಹೇಳುತ್ತದೆ, ಮುಳ್ಳೂ ಹೇಳುತ್ತದೆ. ಮುಳ್ಳಿನ ಸುಳ್ಳನ್ನು ಮಾತ್ರ ಒಂದು ಗಟ್ಟಿ ಎಂಜಿನ್ನಿಗೆ ಹಚ್ಚಿ ಹಿಡಿಯಬಹುದು. ವಿಶ್ವವಿದ್ಯಾಲಯ ನನಗೆ ಕೊಟ್ಟದ್ದು ಇಷ್ಟೇ ಇರಬೇಕು.

ಬಿಸಿ ಮಾಡಿ ತರುವವರ ವಿಷಯಕ್ಕೆ ಬಂದರೆ, ಚಾದರ ವ್ಯಾಪಾರದ ಒಬ್ಬ ಶೇಠರು ಹಳೆಯ ಗಾಡಿ ಮಾರುವ ಮೊದಲು ನನ್ನ ಬಾಯಿಂದ ಒಳ್ಳೆಯ ಮಾತು ಬೇಕೆಂದು ಬಂದಿದ್ದರು. ಮುಟ್ಟಿದರೆ ಬಾನೆಟ್ ಕೈ ಸುಟ್ಟಿತು.

“ಶೇಠಜಿ, ಗಾಡಿ ಕಾದದಲ್ರಿ?”

“ಬಿಸಲಾಗ ನಿಂತಿತ್ರಿ.”

“ಇಷ್ಟ ಮುಂಜಾನೆ ಯಾವ ಬಿಸಲ್ರಿ?”

ಒಳಗಿನಿಂದ ಸಾಹುಕಾರರ ದನಿ ಬಂತು. “ಅವರ ಓಣ್ಯಾಗ ಸೂರ್ಯ ಲಗೂ ಏಳ್ತಾನ, ಬಿಡ್ರಿ.”

ಮರುದಿನ ನೋಡಿದರೆ ಎಂಜಿನ್ನಿನೊಳಗೆ ಗೇರ್ ಡಬ್ಬಿಗೆ ಹಾಕುವ ಮಂದ ಎಣ್ಣೆ. ಬಡಿತ ಕೇಳಿಸದಿರಲೆಂದು ತುಂಬಿದ್ದರು. ಎಣ್ಣೆಯನ್ನು ಎರಡು ಬೆರಳ ನಡುವೆ ತಿಕ್ಕಿ ನೋಡುವ ರೂಢಿ ನನಗೆ ಅಲ್ಲಿಂದ ಬಂತು. ಬೇರೆ ಎಲ್ಲಿಂದಲೋ ಬಂದಿದ್ದರೂ ಬಂದಿರಬಹುದು.

ಇದೆಲ್ಲ ಹಗುರಾದ ಮಾತು. ನಾನು ಬರೆಯಲು ಕೂತದ್ದು ನೀರಿನ ವಿಷಯ.

ನಮ್ಮ ಕಡೆಯ ಎಂಜಿನ್ನುಗಳಿಗೆ ಒಂದು ಊರಿನ ರೋಗವಿದೆ. ಎಂಜಿನ್ ಬೇಗ ಬಿಸಿಯಾಗಲಿ, ಬಿಸಿಯಾದ ಮೇಲೆ ಒಂದೇ ಹದದಲ್ಲಿರಲಿ ಎಂದು ನೀರಿನ ದಾರಿಯಲ್ಲಿ ಥರ್ಮೋಸ್ಟ್ಯಾಟ್ ಎಂಬ ಸಣ್ಣ ಬಾಗಿಲು ಇರುತ್ತದೆ. ಇಲ್ಲಿಯ ಮಿಸ್ತ್ರಿಗಳು ಮೊದಲು ಅದನ್ನು ಕಿತ್ತು ಎಸೆಯುತ್ತಾರೆ. ‘ನಮ್ಮ ಬಿಸಲಿಗೆ ಇದು ಯಾಕ ಬೇಕು?’ ಆಮೇಲೆ ರೇಡಿಯೇಟರಿಗೆ ಬೋರಿನ ನೀರು. ಅಕ್ಕಲಕೋಟೆ ಕಡೆಯ ಬೋರಿನ ನೀರು ಕೊಡದ ತಳದಲ್ಲೇ ಸುಣ್ಣ ಕಟ್ಟುತ್ತದೆ, ಎಂಜಿನ್ನನ್ನು ಬಿಟ್ಟೀತೇ? ವರ್ಷಗಟ್ಟಲೆ ಆ ನೀರು ಕುಡಿದ ಬೀಡುಕಬ್ಬಿಣದ ಬ್ಲಾಕಿನೊಳಗೆ ಗೋಡೆ ತುಕ್ಕು ಹಿಡಿದು ತೆಳ್ಳಗಾಗುತ್ತ ಹೋಗುತ್ತದೆ, ಅದರ ಮೇಲೆಯೇ ಸುಣ್ಣ ದಪ್ಪಗಾಗುತ್ತ ಹೋಗುತ್ತದೆ. ಕೊನೆಗೆ ಕೆಲವು ಕಡೆ ನೀರನ್ನು ತಡೆದು ನಿಲ್ಲಿಸುವುದು ಸುಣ್ಣವೇ. ಅಂಥ ಬ್ಲಾಕನ್ನು ತೊಳೆಯಬಾರದು. ಬಿಚ್ಚಿದವನು ತೊಳೆಯದೆ ಬಿಡುವುದಿಲ್ಲ. ಆದ್ದರಿಂದ ಅದನ್ನು ಬಿಚ್ಚಲೇಬಾರದು.

ಈಗ ಪ್ಲಗ್ಗಿನ ತೂತಿನಿಂದ ಸಣ್ಣ ಕ್ಯಾಮೆರಾ ಇಳಿಸಿ ಸಿಲಿಂಡರಿನ ಒಳಗನ್ನು ಮೊಬೈಲಿನಲ್ಲಿ ನೋಡುತ್ತೀರಿ. ಒಳ್ಳೆಯದೇ. ಆದರೆ ಆ ಕ್ಯಾಮೆರಾ ನೀರಿನ ದಾರಿಗೆ ಹೋಗುವುದಿಲ್ಲ. ಅಲ್ಲಿ ಹೊರಗಿನ ಗುರುತುಗಳನ್ನೇ ನೋಡಬೇಕು. ಬ್ಲಾಕಿನ ಪಕ್ಕದ ತೂತುಗಳನ್ನು ಮುಚ್ಚಿದ ತಗಡಿನ ಬಿಲ್ಲೆಗಳ ಸುತ್ತ ಕಂದು ಜಿನುಗಿದೆಯೇ, ರೇಡಿಯೇಟರಿನ ಬಾಯಲ್ಲಿ ಬಿಳಿ ಹಕ್ಕಳೆ ಇದೆಯೇ, ಎಂಜಿನ್ ಕಾದ ಮೇಲೆ ಮೈಮೇಲೆ ಒಂದು ಕಡೆ ಬಿಸಿ, ಒಂದು ಕಡೆ ತಂಪು ಇದೆಯೇ. ತಂಪಾದ ಜಾಗದಲ್ಲಿ ನೀರು ತಿರುಗುತ್ತಿಲ್ಲ, ಸುಣ್ಣ ಕೂತಿದೆ ಎಂದರ್ಥ. ಅರ್ಥವೆಂದು ನಾನು ನಂಬಿದ್ದೆ, ಅಷ್ಟೇ.

ನನ್ನ ನೌಕರಿಯ ಕೊನೆಯ ದಿನಗಳಲ್ಲಿ ಶಿವಲೀಲಾ ಎಂಬ ಹೆಣ್ಣುಮಗಳು ಬಿಳಿಯ ಹಳೆಯ ಪೆಟ್ರೋಲ್ ಕಾರು ತಂದಳು. ಅಕ್ಕಲಕೋಟೆಯ ಆಚೆಯ ಹಳ್ಳಿ, ಜಮೀನುದಾರರ ಮನೆ. ಗಂಡ ಶರಣಪ್ಪನ ಎರಡೂ ಕಿಡ್ನಿ ಹೋಗಿದ್ದವು. ವಾರಕ್ಕೆ ಎರಡು ಸಲ ಸೋಲಾಪುರದ ಆಸ್ಪತ್ರೆಗೆ ಬಂದು ರಕ್ತ ಶುದ್ಧ ಮಾಡಿಸಿಕೊಂಡು ಹೋಗಬೇಕು. ಅದಕ್ಕೆಂದೇ ಅವಳು ಡ್ರೈವಿಂಗ್ ಕಲಿತಿದ್ದಳು. ಅಕ್ಕಲಕೋಟೆಗೆ ಗುರುವಾರ ಭಕ್ತರ ಗಾಡಿಗಳು ನುಗ್ಗುವುದರಿಂದ ಆ ದಿನ ಬಿಟ್ಟು ಬೇರೆ ದಿನ ಹಾಕಿಸಿಕೊಂಡಿದ್ದಳು. ನನ್ನ ನಿಯಮ ಕೇಳಿ ಗಾಡಿ ಬಿಟ್ಟು, ರಾತ್ರಿ ಸೋಲಾಪುರದಲ್ಲೇ ಉಳಿದು ಮರುದಿನ ಮುಂಜಾನೆ ಇಬ್ಬರೂ ರಿಕ್ಷಾದಲ್ಲಿ ಬಂದರು. ಶರಣಪ್ಪ ಇಳಿದವನೇ ತನ್ನ ಕಾರಿನ ಮುಂದಿನ ಸೀಟಿನಲ್ಲಿ ಹೋಗಿ ಕೂತ. ಮುಖ ಬಾತಿತ್ತು, ಮೀಸೆ ಮಾತ್ರ ನೆಟ್ಟಗಿತ್ತು.

“ಇಕಿ ಗಾಡಿ ಕಲಿಯಾಕತ್ತಾಳ್ರಿ ಸಾಹೇಬ್ರ,” ಎಂದ. “ಹೆಣಮಗಳು ಒಬ್ಬಾಕಿ ಹೆಂಗ ಬರಬೇಕು? ನಾ ಸುಮ್ಮ ಜೋಡಿ ಬರ್ತೀನಿ.”

ಶಿವಲೀಲಾ ನನ್ನ ಕಡೆ ನೋಡಿ ನಕ್ಕಳು. “ಹೌದ್ರಿ ಕಾಕಾ. ಎರಡು ವರ್ಷ ಆತು, ಇವರ ಲೆಕ್ಕದಾಗ ನಾ ಇನ್ನೂ ಪಾಸ್ ಆಗಿಲ್ಲ.”

“ಗೇರ್ ಹಾಕೂಮುಂದ ಗಾಡಿ ಅಳ್ತದ. ಹೆಂಗ ಪಾಸ್ ಮಾಡ್ಲಿ?”

ಊರಿನಲ್ಲಿ ಅವನು ಇದನ್ನೇ ಹೇಳಿದ್ದ. ಆಸ್ಪತ್ರೆಗೆ ಹೋಗುವವನು ತಾನಲ್ಲ, ಹೆಂಡತಿಯ ಕಾವಲಿಗೆ ಹೋಗುವವನು ಎಂಬಂತೆ. ಊರವರೂ ಒಪ್ಪಿಕೊಂಡಿದ್ದರಂತೆ.

ಎಂಜಿನ್ ಚಾಲೂ ಮಾಡಿದೆ. ಮೊದಲ ಹೊಗೆ ನೀಲಿ. ಎಣ್ಣೆ ಉರಿಯುತ್ತಿದೆ. ಗೇಜ್ ಹಚ್ಚಿದೆ. ಒಂದು ಸಿಲಿಂಡರ್ ಸೋತಿತ್ತು. ಮೂರನೆಯದೆಂದು ನೆನಪು, ಎರಡನೆಯದೂ ಇರಬಹುದು. ಅದರೊಳಗೆ ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ಅಳೆದಾಗ ಮುಳ್ಳು ಮೇಲೆದ್ದಿತು. ಎಣ್ಣೆ ಹಾಕಿದಾಗ ಬಿಗಿ ಬಂದರೆ ಪಿಸ್ಟನ್ನಿನ ರಿಂಗ್ ಸವೆದಿವೆ ಎಂದರ್ಥ. ಏನೂ ಬದಲಾಗದಿದ್ದರೆ ವಾಲ್ವ್ ಸೋರುತ್ತಿವೆ. ಇಲ್ಲಿ ರಿಂಗ್. ಅಷ್ಟಕ್ಕೇ ನಿಲ್ಲಿಸಿದ್ದರೆ ಸಾಹುಕಾರರಿಗೆ ‘ಆಗ್ತದ’ ಎಂದುಬಿಡಬಹುದಿತ್ತು. ನೀರಿನ ಕಡೆ ನೋಡಿದೆ. ಥರ್ಮೋಸ್ಟ್ಯಾಟ್ ಇಲ್ಲ. ರೇಡಿಯೇಟರಿನ ಬಾಯಿ ಬೆಳ್ಳಗೆ. ಬಿಲ್ಲೆಗಳ ಸುತ್ತ ಕಂದು. ಎಂಜಿನ್ ಕಾದ ಮೇಲೆ ಹಿಂಭಾಗದಲ್ಲಿ ಅಂಗೈಯಷ್ಟು ಜಾಗ ತಂಪಾಗಿಯೇ ಉಳಿದಿತ್ತು.

“ಇದನ್ನ ತೆಗೀಬ್ಯಾಡ್ರಿ ತಾಯಿ,” ಎಂದೆ. “ರಿಂಗ್ ಹೋಗ್ಯಾವ, ಖರೆ. ಹೊಗಿ ಬಿಡ್ತದ, ಬಿಡ್ಲಿ. ಎಣ್ಣಿ ನೋಡಕೋತ ಇರ್ರಿ, ಜೋರ ಓಡಸಬ್ಯಾಡ್ರಿ. ಬಿಚ್ಚಿ ತೊಳದ್ರ ಬ್ಲಾಕ್ ಉಳ್ಯಂಗಿಲ್ಲ.”

“ನಡುದಾರ್ಯಾಗ ನಿಲ್ಲಂಗಿಲ್ಲಲ್ರಿ?”

“ನಿಲ್ಲಂಗಿಲ್ಲ ಅಂತ ನಾ ಹೆಂಗ ಹೇಳ್ಲಿ? ಇದ್ದಂಗ ಇದ್ರ ನಡೀಬಹುದು.”

ಸಾಹುಕಾರರು ಹಣೆ ಚಚ್ಚಿಕೊಂಡರು. ಶರಣಪ್ಪ ಸೀಟಿನಿಂದಲೇ ಹೇಳಿದ. “ನನ್ನ ಡಾಕ್ಟರೂ ಹಿಂಗs ಅಂತಾನ್ರಿ. ಇದ್ದಂಗ ಇರು, ಎಣ್ಣಿ ನೋಡಕೋ.”

ಅವರ ಮನೆಯಲ್ಲಿ ಇನ್ನೊಂದು ಗಾಡಿ ಇತ್ತು, ಶರಣಪ್ಪನ ತಮ್ಮ ಬಸವರಾಜನ ಜೀಪು. ಅದರಲ್ಲಿ ಬಂದರೆ ಆಗದೇ ಎಂದು ನಾನು ಶಿವಲೀಲಾಳನ್ನು ಒಂದು ಸಲ ಕೇಳಿದ್ದೆ. ಗಂಡನಿಗೆ ಕೇಳಿಸದಂತೆ ಹೇಳಿದಳು. “ಆ ಜೀಪ್ ಹತ್ತಿದ್ರ ಇವರು ರೋಗಿ ಆಗ್ತಾರ್ರಿ ಕಾಕಾ. ಇದರಾಗ ಕೂತ್ರ ಮಾಲಕ.” ಆಗಲೇ ನನಗೆ ಗೊತ್ತಾಯಿತು, ಈ ಗಾಡಿ ನಿಂತರೆ ಆ ಮನುಷ್ಯ ಆಸ್ಪತ್ರೆಗೆ ಬರುವುದೂ ನಿಲ್ಲುತ್ತದೆ.

ಬೇಸಿಗೆಯೆಲ್ಲ ಗಾಡಿ ನಡೆಯಿತು. ಆಸ್ಪತ್ರೆ ಮುಗಿಸಿ ಹೋಗುವಾಗ ಆಗಾಗ ನಮ್ಮಲ್ಲಿ ನಿಲ್ಲಿಸಿ ಎಣ್ಣೆ ನೋಡಿಸುತ್ತಿದ್ದಳು. ಹಿಂದೆ ನೀಲಿ ಹೊಗೆ, ಮುಂದೆ ಶರಣಪ್ಪನ ಮೀಸೆ.

ಮಳೆಗಾಲದ ಮೊದಲಿಗೆ ಶರಣಪ್ಪನ ಕೈಯ ನರಕ್ಕೆ ಏನೋ ಸಣ್ಣ ಆಪರೇಷನ್ ಆಯಿತು. ಕೆಲವು ದಿನ ಗಂಡ ಹೆಂಡತಿ ಸೋಲಾಪುರದಲ್ಲೇ ಉಳಿದರು. ಗಾಡಿ ಇಲ್ಲಿ ಮಳೆಯಲ್ಲಿ ಯಾಕೆ ನಿಲ್ಲಬೇಕೆಂದು ಬಸವರಾಜ ಬಂದು ಒಯ್ದ. ಅವರು ಊರಿಗೆ ಹೋಗುವಷ್ಟರಲ್ಲಿ ಅದನ್ನು ಹೊಸದರಂತೆ ಮಾಡಿಸಿ ಅಣ್ಣನ ಮುಂದೆ ನಿಲ್ಲಿಸಬೇಕೆಂದು ಅವನ ಆಸೆ. ಅಕ್ಕಲಕೋಟೆಯ ಒಬ್ಬ ಮಿಸ್ತ್ರಿಯ ಬಳಿ ಬಿಚ್ಚಿಸಿದ. ಆ ಮಿಸ್ತ್ರಿ ಕಳ್ಳನಲ್ಲ, ಸೋಮಾರಿಯೂ ಅಲ್ಲ. ನಿಷ್ಠೆಯಿಂದ ಬ್ಲಾಕನ್ನು ತೇಜಾಬಿನಲ್ಲಿ, ಅಂದರೆ ಆಸಿಡ್ಡಿನಲ್ಲಿ, ಅದ್ದಿ ಸುಣ್ಣವನ್ನೆಲ್ಲ ತೆಗೆದ. ಇಷ್ಟು ಶ್ರದ್ಧೆ ಇಲ್ಲದವನ ಕೈಗೆ ಹೋಗಿದ್ದರೆ ಗಾಡಿ ಉಳಿಯುತ್ತಿತ್ತು.

ಬಸವರಾಜ ಬ್ಲಾಕನ್ನು ಜೀಪಿನ ಹಿಂದೆ ಹಾಕಿಕೊಂಡು ನಮ್ಮಲ್ಲಿಗೆ ಬಂದ. ನೀರು ಹೊಯ್ದು ನೋಡಿದೆವು. ಎರಡು ಸಿಲಿಂಡರುಗಳ ನಡುವೆ, ಒಳಗೆ ಹೊಸ ಕೊಳವೆ ಕೂರಿಸಿದರೂ ನಿಲ್ಲದ ಜಾಗದಲ್ಲಿ, ನೀರು ಹನಿಹನಿಯಾಗಿ ಇಳಿಯಿತು.

“ಬೆಸುಗಿ ಹಾಕಾಕ ಆಗಂಗಿಲ್ಲೇನ್ರಿ?”

ದಸ್ತಗೀರ್ ತಲೆ ಅಲ್ಲಾಡಿಸಿದ. ಈ ಒಂದು ವಿಷಯದಲ್ಲಿ ಅವನಿಗೂ ನನಗೂ ಭೇದ ಬರಲಿಲ್ಲ.

“ನಾ ತೆಗೀಬ್ಯಾಡ ಅಂದಿದ್ದೆ,” ಎಂದೆ.

“ನೀವs ಅಂದಿದ್ರಿ, ರಿಂಗ್ ಹೋಗ್ಯಾವ ಅಂತ. ಶಿವಲೀಲಾ ವೈನಿ ನನಗ ಹಂಗs ಹೇಳ್ಯಾರ. ರಿಂಗ್ ಹೋದ್ರ ರಿಂಗ್ ಹಾಕಸಬೇಕಲ್ರಿ?” ಬ್ಲಾಕಿನ ಒದ್ದೆಯನ್ನು ಅಂಗೈಯಿಂದ ಒರೆಸುತ್ತ ಮತ್ತೆ ಹೇಳಿದ. “ಅಣ್ಣನ ಗಾಡಿ ಹಾದು ಹೋದ್ರ ಮಂದಿ ಮೂಗ ಮುಚಗೋತಿದ್ರು, ಸಾಹೇಬ್ರ. ನನಗ ನೋಡಾಕ ಆಗಲಿಲ್ಲ.”

ಅವನ ಕಣ್ಣಲ್ಲಿ ನೀರಿತ್ತು ಎಂದು ನೆನಪು. ತೇಜಾಬಿನ ಘಾಟಿಗೆ ನಮ್ಮೆಲ್ಲರ ಕಣ್ಣಲ್ಲೂ ನೀರಿತ್ತು. ನಾನು ಹೇಳಿದ ಎರಡು ಮಾತಿನಲ್ಲಿ ಒಂದು ಅವನನ್ನು ಮುಟ್ಟಿತು, ಇನ್ನೊಂದು ಮುಟ್ಟಲಿಲ್ಲ. ಹೇಳಿದ್ದನ್ನು ಯಾರು ಯಾರಿಗೆ ಹೇಗೆ ದಾಟಿಸಿದರೋ ನನಗೆ ತಿಳಿಯದು. ಶಿವಲೀಲಾ ತಾನು ಎರಡನ್ನೂ ಹೇಳಿದ್ದೆ ಎನ್ನುತ್ತಾಳೆ. ಅವಳೂ ನಿಜ, ಅವನೂ ನಿಜ.

ಶರಣಪ್ಪ ಒಂದೆರಡು ಸಲ ಜೀಪಿನಲ್ಲಿ ಬಂದ. ಹಿಂದೆ ಹಾಸಿಗೆ ಹಾಸಿ ಮಲಗಿಸಿಕೊಂಡು ಬಂದರಂತೆ. ಆಮೇಲೆ ಹೊಸ್ತಿಲು ದಾಟಲಿಲ್ಲ. ಶಿವಲೀಲಾ ಫೋನ್ ಮಾಡಿದಳು. ಹಿಂದಿನಿಂದ ಅವನ ದನಿ ನನಗೇ ಕೇಳಿಸುತ್ತಿತ್ತು.

“ನಾ ಏನ್ ಜ್ವಾಳದ ಚೀಲ ಏನು, ಎತ್ತಿ ಹಾಕ್ಕೊಂಡು ಹೋಗಾಕ? ನನ್ನ ಗಾಡಿ ಬರ್ಲಿ, ಹೋಗೂಣು.”

“ಕೇಳಿದ್ರೇನ್ರಿ ಕಾಕಾ?” ಎಂದಳು ಅವಳು. “ಯಾವ ಎಂಜಿನ್ ಆದ್ರೂ ಹಾಕ್ರಿ. ಬಾನೆಟ್ ಮುಚ್ಚಿದ ಮ್ಯಾಲ ಇವರಿಗೇನ್ ಗೊತ್ತಾಗ್ತದ? ಲಗೂ ಮಾಡ್ರಿ.”

ಆ ಮಾದರಿಯ ಗಾಡಿ ತಯಾರಾಗುವುದು ನಿಂತು ಬಹಳ ಕಾಲವಾಗಿತ್ತು. ಅಕ್ಕಲಕೋಟೆಯಿಂದ ಗಾಡಿಯನ್ನು ಎಳೆಸಿ ತರಿಸಿಕೊಂಡು, ಗುಜರಿ ಅಂಗಡಿಗಳಲ್ಲಿ ಎಂಜಿನ್ ಹುಡುಕಲು ಹೊರಟೆ. ಬಿಚ್ಚಿಟ್ಟ ಎಂಜಿನ್ನಿಗೆ ಹೊಗೆಯೂ ಇಲ್ಲ, ಸದ್ದೂ ಇಲ್ಲ. ಕೈಯಿಂದ ತಿರುಗಿಸಿ ಎಲ್ಲಿ ಹಿಡಿಯುತ್ತದೆ ನೋಡಬೇಕು, ತಳದ ಎಣ್ಣೆಯಲ್ಲಿ ಲೋಹದ ಪುಡಿ ಮಿನುಗುತ್ತದೆಯೇ ನೋಡಬೇಕು, ನೀರಿನ ದಾರಿಗೆ ಬೆರಳು ಹಾಕಿ ಗೋಡೆ ಮುಟ್ಟಬೇಕು. ಮೊದಲು ಸಿಕ್ಕ ಎಂಜಿನ್ನಿನ ಗೋಡೆ ಬೆರಳಿಗೆ ಒರಟಾಗಿತ್ತು. ಗುಜರಿಯವನು ಮರಾಠಿಯಲ್ಲಿ ‘ಚಾಲೇಲ್ ಸಾಹೇಬ್, ಚಾಲೇಲ್’ ಎಂದು ನಡೆಯುವ ಭರವಸೆ ಕೊಟ್ಟ. ನಾನು ಬೇಡವೆಂದೆ. ಆ ಹೆಣ್ಣುಮಗಳನ್ನು ನಡುದಾರಿಯಲ್ಲಿ ನಿಲ್ಲಿಸುವ ಎಂಜಿನ್ ಕೊಡಲಾರೆ ಎನಿಸಿತು. ಎರಡನೆಯದು ಸಿಗಲು ದಿನಗಳು ಹಿಡಿದವು. ಅದರ ಗೋಡೆ ನುಣುಪಾಗಿತ್ತು. ಬಿಚ್ಚಿ, ತೊಳೆದು, ನೀರು ತುಂಬಿ, ಒತ್ತಡ ಹಾಕಿ ನೋಡಿದೆ. ಒಂದು ಹನಿಯೂ ಇಳಿಯಲಿಲ್ಲ. ಸಿಲಿಂಡರ್ ಕೊರೆದು, ಹೊಸ ಪಿಸ್ಟನ್, ಹೊಸ ರಿಂಗ್, ಥರ್ಮೋಸ್ಟ್ಯಾಟ್ ಹಾಕಿಸಿದೆ. ರೇಡಿಯೇಟರಿಗೆ ಬೋರಿನ ನೀರು ಬೇಡವೆಂದು ಕೂಲೆಂಟ್ ತುಂಬಿಸಿದೆ. ಮೊದಲನೆಯದು ಶರಣಪ್ಪನನ್ನು ಇನ್ನು ಕೆಲವು ತಿಂಗಳು ಆಸ್ಪತ್ರೆಗೆ ತರಲು ಸಾಕಾಗುತ್ತಿತ್ತೇ? ಸಾಕಾಗುತ್ತಿತ್ತೇನೋ. ಎಂಜಿನ್ನಿನ ಲೆಕ್ಕದಲ್ಲಿ ನಾನು ಮಾಡಿದ್ದು ಸರಿ. ಇಂದು ಕೇಳಿದರೂ ಅದನ್ನೇ ಹೇಳುತ್ತೇನೆ. ಆ ಲೆಕ್ಕವೊಂದೇ ನನಗೆ ಬರುತ್ತಿತ್ತು.

ಹೊಸ ಎಂಜಿನ್ ಗಾಡಿಯಲ್ಲಿ ಕೂತ ವಾರ ಶರಣಪ್ಪನನ್ನು ಆಂಬುಲೆನ್ಸಿನಲ್ಲಿ ತಂದರು. ಅವನ ಒಪ್ಪಿಗೆ ಕೇಳುವ ಸ್ಥಿತಿ ಆಗ ಇರಲಿಲ್ಲ. ಆಸ್ಪತ್ರೆಯಲ್ಲೇ ತೀರಿಕೊಂಡ. ಡಾಕ್ಟರು ಹೃದಯ ನಿಂತಿತು ಎಂದರು. ತಪ್ಪಿದ ದಿನಗಳಿಂದಲೇ ಹೀಗಾಯಿತೇ ಎಂದು ಕೇಳಿದ್ದಕ್ಕೆ, ಹಾಗೆ ಹೇಳಲು ಬರುವುದಿಲ್ಲ, ಇರಬಹುದು ಎಂದರಂತೆ.

ಈ ಕೆಲಸಕ್ಕೆ ಬರುವವರೇ, ನಿಮಗೆ ನನಗಿಂತ ಒಳ್ಳೆಯ ಉಪಕರಣಗಳು ಸಿಗುತ್ತವೆ. ನಾನು ಆ ಎಂಜಿನ್ನಿನಲ್ಲಿ ಅಳೆಯಬಹುದಾದದ್ದನ್ನೆಲ್ಲ ಅಳೆದಿದ್ದೆ, ಹೇಳಿದ್ದು ಅಕ್ಷರಶಃ ನಿಜವಾಯಿತು. ನನ್ನ ವೃತ್ತಿಯಲ್ಲಿ ಅಷ್ಟು ನಿಖರವಾಗಿ ನಿಜವಾದ ಇನ್ನೊಂದು ಮಾತು ಇಲ್ಲ. ಅದರಿಂದ ಯಾರಿಗೂ ಏನೂ ಉಪಯೋಗವಾಗಲಿಲ್ಲ.

ಸತ್ತ ಮನೆಯ ಕಾರ್ಯಗಳೆಲ್ಲ ಮುಗಿದ ಮೇಲೆ ಶಿವಲೀಲಾ ಗಾಡಿ ಒಯ್ಯಲು ಬಂದಳು. ಬಸವರಾಜ ಜೀಪಿನಲ್ಲಿ ತಂದು ಬಿಟ್ಟು ರಸ್ತೆಯ ಆಚೆ ನಿಂತಿದ್ದ, ಒಳಗೆ ಬರಲಿಲ್ಲ. ನಾನು ಕೀಲಿ ತಿರುಗಿಸಿದೆ. ಹೊಗೆ ಇರಲಿಲ್ಲ. ಎಂಜಿನ್ ನಡೆಯುತ್ತಿದೆಯೋ ಇಲ್ಲವೋ ಎಂದು ಕೈಯಿಟ್ಟು ನೋಡಬೇಕು, ಅಷ್ಟು ಮೆತ್ತಗಿತ್ತು. ನಮ್ಮ ಕೈಯಿಂದ ಹೋದವುಗಳಲ್ಲಿ ಅಂಥದು ಇನ್ನೊಂದಿಲ್ಲ ಎಂದು ದಸ್ತಗೀರನೇ ಹೇಳಿದ. ಸಾಹುಕಾರರು ಒಳಗಿನಿಂದ ಎದ್ದು ಬಂದು ಅವಳಿಗಾಗಿ ಬಾಗಿಲು ತೆರೆದರು. ಅವಳು ಕೂತಳು. ಪಕ್ಕದ ಸೀಟಿನ ಮೇಲೆ ತನ್ನ ಚೀಲ ಇಟ್ಟಳು, ಮತ್ತೆ ಎತ್ತಿ ಹಿಂದಕ್ಕೆ ಹಾಕಿದಳು.

ಕಟ್ಟಿದ ಎಂಜಿನ್ ಕೊಡುವಾಗ ಪ್ರತಿಯೊಬ್ಬ ಗಿರಾಕಿಗೂ ಹೇಳಬೇಕಾದ ಮಾತುಗಳಿವೆ. ಹೊಸ ರಿಂಗ್‌ಗಳು ಸಿಲಿಂಡರಿಗೆ ಹೊಂದಿಕೊಳ್ಳುವವರೆಗೆ ಗಾಡಿಯನ್ನು ಹೇಗೆ ಓಡಿಸಬೇಕೆಂಬ ಮಾತುಗಳು. ನೀವೂ ಹೇಳಬೇಕಾಗುತ್ತದೆ. ಬೇರೆ ಏನೂ ತೋಚದೆ ನಾನು ಅವನ್ನೇ ಹೇಳಿದೆ.

“ಸುರುವಾತಿಗೆ ಜೋರ ಒತ್ತಬ್ಯಾಡ್ರಿ ತಾಯಿ. ಭಾಳ ಸಾವಕಾಶನೂ ಬ್ಯಾಡ. ನಿಲ್ಲಿಸಿ ಇಡಬ್ಯಾಡ್ರಿ, ನಿಂತ್ರ ರಿಂಗ್ ಕೂಡಂಗಿಲ್ಲ. ದಿನಾ ಸ್ವಲ್ಪ ದೂರ ಓಡಸಬೇಕು.”

ಅವಳು ಸ್ಟಿಯರಿಂಗ್ ಮೇಲೆ ಎರಡೂ ಕೈ ಇಟ್ಟುಕೊಂಡು ಗಮನವಿಟ್ಟು ಕೇಳಿದಳು. ಆಮೇಲೆ, ಎಂಜಿನ್ನಿನ ವಿಷಯದಲ್ಲಿ ನನ್ನನ್ನು ಏನಾದರೂ ಕೇಳುವ ದನಿಯಲ್ಲೇ ಕೇಳಿದಳು.

“ದಿನಾ ಎಲ್ಲಿಗೆ ಹೋಗ್ಲಿರಿ ಕಾಕಾ?”